ಹಳೇ ಕೊಂಬುಗಳನ್ನು ಮತ್ತೆ ಅಳೆದ ಕಥೆ

ಅಮೆರಿಕದ ಉತ್ತರ ಮಿಷಿಗನ್‌ನಲ್ಲಿ ನವೆಂಬರ್ 15 ಅಂದರೆ ಹಬ್ಬ. ಅವತ್ತು ಬಂದೂಕಿನ ಬೇಟೆ ಶುರು, 30ಕ್ಕೆ ಮುಗಿಯುತ್ತದೆ. ಹೊಡೆದ ಗಂಡು ಜಿಂಕೆಗಳನ್ನು ಊರ ನಡುವಿನ ಮರದ ತೊಲೆಗೆ ಸಾಲಾಗಿ ನೇತುಹಾಕುತ್ತಾರೆ, ಕೊಂಬು ಅಳೆದು ಬಹುಮಾನ ಕೊಡುತ್ತಾರೆ. ಇದೇ ಬಕ್ ಪೋಲ್. ಜಿಂಕೆ ಮುಟ್ಟಿದರೆ ಜೈಲು ಅನ್ನೋ 1972ರ ಕಾಯ್ದೆಯ ನಾಡಿನಿಂದ ಬಂದ ನಾನು, ಸುರಕ್ಷತೆಯ ತರಗತಿ ಮುಗಿಸಿ, ಲೈಸೆನ್ಸ್ ತಗೊಂಡು, ಕಿತ್ತಳೆ ಜಾಕೆಟ್ ಹಾಕಿ ಕಾಡಿಗೆ ಹೋಗಿ, ಕೊನೆಗೆ ಈ ಅಳತೆಯ ಮೇಜಿಗೆ ಬಂದು ಕೂತೆ.

ನಮ್ಮೂರ ಸ್ಪರ್ಧೆ ಬಹಳ ಹಳೇದು. ಅದಕ್ಕೊಂದು ಗೌರವ ಸಲ್ಲಿಸೋಣ ಅಂದಾಗ ಎಲ್ಲರೂ ಫಲಕ, ಭಾಷಣ ಅಂದರು. ಸುಮ್ನೆ ಭಾಷಣ ಯಾಕೆ, ಗೆದ್ದ ಕೊಂಬುಗಳನ್ನೇ ಗೋಡೆಗೆ ಹಾಕೋಣ ಅಂದೆ.

ಜಾಸ್ತಿ ಸಿಕ್ಕಿದ್ದು ಕೊಟ್ಟಿಗೆಯ ಅಟ್ಟಗಳಲ್ಲಿ. ಒಂದರ ತುದಿಯನ್ನು ಇಲಿ ಕಡಿದು, ಸಣ್ಣ ಹಲ್ಲಿನ ಗೀರುಗಳು ಸಾಲಾಗಿ ಬಿದ್ದಿದ್ದವು. ಕೊಂಬಿನಲ್ಲಿ ಕ್ಯಾಲ್ಸಿಯಂ ಇರುತ್ತಲ್ಲ, ಬಿಡುತ್ತವಾ?

ಅಳೆಯೋಕೆ ಕಾಲು ಇಂಚು ಅಗಲದ ಉಕ್ಕಿನ ಟೇಪು. ಮುಖ್ಯ ಕೊಂಬಿನ ಉದ್ದ, ಕವಲುಗಳ ಉದ್ದ, ಪ್ರತಿ ಬದಿಯಲ್ಲಿ ನಾಲ್ಕು ಕಡೆ ಸುತ್ತಳತೆ, ಎರಡು ಕೊಂಬಿನ ನಡುವಿನ ಒಳ ಅಂತರ, ಎಲ್ಲವೂ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ; ಎಲ್ಲ ಕೂಡಿದರೆ ಅಂಕ. ಒಂದು ಇಂಚೂ ಇಲ್ಲದ ಕವಲು ಲೆಕ್ಕಕ್ಕಿಲ್ಲ. ಕೊಂಬಿನ ದಾಖಲೆ ಇಡುವ ಅಮೆರಿಕದ ಬೇಟೆಗಾರರ ಸಂಘ ಬೂನ್ ಅಂಡ್ ಕ್ರಾಕೆಟ್ ಕ್ಲಬ್‌ನ ಪದ್ಧತಿಯಲ್ಲಿ ಎಡ ಬಲದ ವ್ಯತ್ಯಾಸವನ್ನು ಕಳೆಯುತ್ತಾರೆ. ಅದು ನನಗೆ ಹಿಡಿಸಲ್ಲ. ಬೆಳೆದದ್ದು ಬೆಳೆದದ್ದೇ ಅಲ್ವಾ?

ತಕರಾರು ಬಂದಿದ್ದು ಬೇರೆ ಕಡೆ. ಕೊಂಬು ಒಣಗಿದ ಹಾಗೆ ಕುಗ್ಗುತ್ತದೆ, ಅದಕ್ಕೇ ಆ ಕ್ಲಬ್ 60 ದಿನ ಒಣಗಿಸಿದ ಮೇಲಷ್ಟೇ ಅಳತೆ ಒಪ್ಪೋದು. ನಾವು ತೊಲೆಯ ಹತ್ತಿರವೇ, ಅವತ್ತೇ, ಹಸಿಯಾಗಿದ್ದಾಗಲೇ ಅಳೆಯುತ್ತೇವೆ. ಹಾಗಾಗಿ ಹಳೇ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಈಗ ಕಡಿಮೆ ಬಂತು, ಒಂದು ವರ್ಷದ ಮೊದಲನೆಯವರು ಎರಡನೆಯವರು ಅದಲುಬದಲಾದರು. ಅವತ್ತು ಎರಡನೆಯವರಾಗಿದ್ದವರ ಮಗ ಹೆಸರು ಬದಲಾಯಿಸಿ ಅಂತ ಹಟ ಹಿಡಿದರು. ನಾನು ಒಪ್ಪಲಿಲ್ಲ. ಚಳಿಯಲ್ಲಿ, ಊರವರ ಎದುರು ಟೇಪು ಹಿಡಿದವರ ಲೆಕ್ಕವೇ ಲೆಕ್ಕ. ಒಣಗಿದ ಕೊಂಬಿನಿಂದ ಹಳೇ ಫಲಿತಾಂಶ ತಿದ್ದೋಕೆ ಹೊರಟರೆ ಸ್ಪರ್ಧೆಗೆ ಯಾವ ಗೌರವ ಕೊಟ್ಟ ಹಾಗಾಯಿತು? ಗೋಡೆಯ ಮೇಲೆ ಹಳೇ ಅಂಕ ಮಾತ್ರ ಬರೆದೆವು. ಹೊಸದನ್ನು ಹಲಗೆಯ ಹಿಂದೆ ಚೀಟಿಯಲ್ಲಿ ಅಂಟಿಸಿದ್ದೇವೆ, ಕೇಳಿದವರಿಗೆ ತೋರಿಸುತ್ತೇವೆ.

ವರ್ಷದ ಕ್ರಮ ಬಿಟ್ಟು ಮನೆತನದ ಪ್ರಕಾರ ಜೋಡಿಸಿದ್ದು ಒಳ್ಳೇದಾಯಿತು. ಅಜ್ಜ, ಮಗಳು, ಮೊಮ್ಮಗ ಗೆದ್ದ ಕೊಂಬುಗಳು ಒಟ್ಟಿಗೆ ಬಂದವು, ಜನ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಆ ಮಗನ ಸಿಟ್ಟು ಮಾತ್ರ ಇಳಿದಿಲ್ಲ. ಈ ಸಲ ನಾನು ಅಳೆಯುವಾಗ ಪಕ್ಕದಲ್ಲೇ ನಿಂತು ನೋಡ್ತಾರಂತೆ. ನೋಡಲಿ, ಕುರ್ಚಿಯನ್ನೂ ಹಾಕಿಸ್ತೀನಿ.