ಚಂದ್ರತಾಲ್: ಒಂದು ರಾತ್ರಿಯ ಟೆಂಟಿಗೆ ಎಂಟು ರಾತ್ರಿಯ ತಯಾರಿ

ಮನಾಲಿಯಿಂದ ಬೆಳಿಗ್ಗೆ ಐದಕ್ಕೆ ಹೊರಟು ಅಟಲ್ ಸುರಂಗ, ಗ್ರಾಂಫೂ, ಛತ್ರು, ಬಾತಲ್ ದಾಟಿದರೆ ಅದೇ ದಿನ ಹಿಮಾಚಲದ ಲಾಹೌಲ್-ಸ್ಪಿತಿಯ ಚಂದ್ರತಾಲ್ ಸರೋವರ ಸೇರಬಹುದು. ಮಕ್ಕಳಿದ್ದರೆ ಈ ದಾರಿಯಲ್ಲಿ ಹತ್ತಬೇಡಿ, ಇಳಿಯಿರಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸರೋವರ 4,300ರ ಆಸುಪಾಸು. ಒಂದೇ ಹಗಲಲ್ಲಿ ಅಷ್ಟು ಏರಿ ಅಲ್ಲೇ ಮಲಗಿದರೆ ತಲೆನೋವು, ವಾಂತಿ ಬರುವ ಸಾಧ್ಯತೆ ಹೆಚ್ಚು. ಆಮೇಲೆ ಮಧ್ಯರಾತ್ರಿ ಇಳಿಯೋಣವೆಂದರೆ ದಾರಿಯೇ ಇಲ್ಲ. ಸ್ಪಿತಿ ಕಡೆ ಹೋಗಲು ಮೊದಲು 4,550 ಮೀಟರಿನ ಕುಂಜುಮ್ ಪಾಸ್ ಹತ್ತಬೇಕು. ಈ ಕಡೆ ಬಾತಲ್‌ನಿಂದ ಛತ್ರುವರೆಗೆ ಬರೀ ಬಂಡೆ, ದಾರಿಗಡ್ಡ ಹರಿಯುವ ಹಳ್ಳ. ಮೂವತ್ತು ಕಿಲೋಮೀಟರಿಗೆ ಹಗಲಲ್ಲೇ ಮೂರು ಗಂಟೆ ಹಿಡಿಯುತ್ತದೆ.

ಅದಕ್ಕೇ ನಾವು ಪಕ್ಕದ ಕಿನ್ನೌರ್ ಜಿಲ್ಲೆಯ ಕಡೆಯಿಂದ ಹೋದದ್ದು. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಬಾಡಿಗೆ ಗಾಡಿ. ಮೊದಲ ರಾತ್ರಿ ನಾರ್ಕಂಡ (2,700 ಮೀಟರ್), ಆಮೇಲೆ ಕಲ್ಪಾದಲ್ಲಿ (2,960) ಎರಡು ರಾತ್ರಿ, ನಾಕೋ (3,660), ತಾಬೋ (3,280), ಕಾಜಾದಲ್ಲಿ (3,650) ಎರಡು, ಲೋಸರ್ (4,080), ಒಂಬತ್ತನೆಯದು ಚಂದ್ರತಾಲ್. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ಲೆಕ್ಕ. ಇದರಲ್ಲಿ ಕಲ್ಪಾ–ನಾಕೋ ಜಿಗಿತ ಒಂದೇ ಆ ಲೆಕ್ಕ ಮೀರುತ್ತದೆ. ಕಲ್ಪಾದಲ್ಲಿ ಎರಡು ರಾತ್ರಿ ಇದ್ದದ್ದು, ಮರುದಿನ ತಾಬೋಗೆ ಇಳಿದದ್ದು ಎರಡೂ ಅದಕ್ಕಾಗಿಯೇ. ಕಾಜಾದಲ್ಲಿ ಉಳಿದ ದಿನ 4,400 ಮೀಟರಿನ ಲಾಂಗ್ಜಾಕ್ಕೆ ಹೋಗಿ, ನಾಲ್ಕು ತಾಸು ಅಡ್ಡಾಡಿ, ಮಲಗಲು ಕೆಳಗೆ ಬಂದೆವು. ಹಗಲು ಮೇಲೆ, ರಾತ್ರಿ ಕೆಳಗೆ. ಮೈ ಒಗ್ಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಕೊಡಬೇಕೋ ಬೇಡವೋ ಎಂಬುದನ್ನು ಹೊರಡುವ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಕೇಳಿಕೊಳ್ಳಿ, ಅಳತೆ ತೂಕದ ಮೇಲೆ ಹೋಗುತ್ತದೆ.

ವಿದೇಶದಲ್ಲಿ ನೆಲೆಸಿರುವವರಿಗೆ ಒಂದು ಮಾತು: ಮಕ್ಕಳದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ಕಿನ್ನೌರ್‌ನಿಂದ ಕಾಜಾಕ್ಕೆ ಹೋಗಲು ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶ ಪ್ರವೇಶಿಸುವ ಅನುಮತಿ ಪತ್ರ) ಬೇಕು. ರೆಕಾಂಗ್ ಪಿಯೊದಲ್ಲಿ ಮಾಡಿಸಬಹುದು. ಭಾರತೀಯರಿಗೆ ಬೇಡ.

ಐದು ವರ್ಷದೊಳಗಿನ ಮಗುವನ್ನು ನಾನಂತೂ ಕರೆದೊಯ್ಯುವುದಿಲ್ಲ. ತಲೆ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಬರಬೇಕು. ದೊಡ್ಡ ಮಕ್ಕಳಲ್ಲೂ ಮೊದಲ ಸುಳಿವು ಯಾವಾಗಲೂ ತಲೆನೋವೇ ಆಗಿರುವುದಿಲ್ಲ. ಊಟ ಬೇಡ ಎನ್ನುವುದು, ಸುಮ್ಮನೆ ರೇಗುವುದು, ಆಟ ಬಿಟ್ಟು ಮೂಲೆ ಹಿಡಿಯುವುದು, ಇವನ್ನು ನೋಡಿ. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಪೂರ್ತಿ ನಂಬಬೇಡಿ. ಆ ಎತ್ತರದಲ್ಲಿ ಆರೋಗ್ಯವಂತರಿಗೂ ಎಂಬತ್ತರ ಸುಮಾರಿಗೆ ಇಳಿಯುತ್ತದೆ. ಬೆರಳು ತಣ್ಣಗಿದ್ದರೆ ಇನ್ನೂ ಕಡಿಮೆ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಬೇಕು. ಲೋಸರ್‌ನಲ್ಲಿ ಬೆಳಿಗ್ಗೆ ಯಾರಿಗಾದರೂ ತಲೆನೋವಿದ್ದರೆ ಅವತ್ತು ಮೇಲೆ ಹೋಗುವುದಿಲ್ಲ ಎಂದು ಮನೆಯಲ್ಲೇ ಮಾತಾಡಿಕೊಂಡಿರಿ. ಅಲ್ಲಿ ನಿಂತು ಚರ್ಚೆಗಿಳಿದರೆ ಆಸೆಯೇ ಗೆಲ್ಲುತ್ತದೆ.

ನೀರಿನಂಚಿನಲ್ಲಿ ಟೆಂಟ್ ಹಾಕುವಂತಿಲ್ಲ. ಚಂದ್ರತಾಲ್ 2005ರಿಂದ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ಬಾಡಿಗೆ ಟೆಂಟಿನ ಬಿಡಾರಗಳೆಲ್ಲ ಎರಡು ಮೂರು ಕಿಲೋಮೀಟರ್ ಹಿಂದೆಯೇ ಇವೆ. ಗಾಡಿಯನ್ನೂ ಸ್ವಲ್ಪ ದೂರದಲ್ಲೇ ಬಿಟ್ಟು ಕೊನೆಯ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ನಾವು ಒಂದು ಬಿಡಾರದವರನ್ನು ಕೇಳಿ, ಜಾಗಕ್ಕೆ ದುಡ್ಡು ಕೊಟ್ಟು, ಸ್ವಂತ ಟೆಂಟ್ ಹಾಕಿದೆವು. ಅವರ ಕಕ್ಕಸು ಸಿಗುತ್ತದೆ ಅನ್ನುವುದೇ ದೊಡ್ಡ ಅನುಕೂಲ. ಹವೆ ಕೆಟ್ಟರೆ ಅವರ ಟೆಂಟಿಗೆ ನುಗ್ಗಲೂಬಹುದು.

ಅಲ್ಲಿಯ ನೆಲ ಸಡಿಲ ಜಲ್ಲಿ, ಟೆಂಟಿನ ಜೊತೆ ಬರುವ ಕಡ್ಡಿಯಂಥ ಗೂಟ ನಿಲ್ಲುವುದಿಲ್ಲ. ಹೊಡೆಯುವಾಗ ಗಟ್ಟಿಯಾದಂತೆ ಕಾಣುತ್ತದೆ, ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ಒಂದೊಂದಾಗಿ ಕಿತ್ತುಬರುತ್ತದೆ. ಗೂಟವನ್ನು ಅಡ್ಡ ಮಲಗಿಸಿ, ನಡುವಿಗೆ ಹಗ್ಗ ಕಟ್ಟಿ, ಮೇಲೆ ತೆಂಗಿನಕಾಯಿ ಗಾತ್ರದ ಮೂರು ನಾಲ್ಕು ಕಲ್ಲು ಹೇರಿ. ಇದಕ್ಕೆ ಮೂಲೆಯೊಂದಕ್ಕೆ ಎರಡು ಮೀಟರ್ ಹೆಚ್ಚುವರಿ ಹಗ್ಗ ಬೇಕು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಚಳಿಯೆಂದು ಗಾಳಿಕಿಂಡಿ ಮುಚ್ಚಿದರೆ ನಾಲ್ವರ ಉಸಿರು ಟೆಂಟಿನ ಒಳಮೈಗೆ ಕಟ್ಟಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಬಿಸಿಲು ತಾಗಿದ ಕೂಡಲೇ ಹಾಸಿಗೆ ಮೇಲೆ ಸೋರುತ್ತದೆ. ಒಳಗೆ ಸ್ಟವ್ ಹಚ್ಚುವುದು, ಕೆಂಡ ಇಡುವುದು ಮಾತ್ರ ಕೂಡದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ದುಬಾರಿ ಸ್ಲೀಪಿಂಗ್ ಬ್ಯಾಗ್ ತಂದು ಕೆಳಗೆ ತೆಳು ಚಾಪೆ ಹಾಸಿದವರು ರಾತ್ರಿಯಿಡೀ ನಡುಗುತ್ತಾರೆ. ನಾವು ಒಬ್ಬೊಬ್ಬರಿಗೂ ಹತ್ತು ಮಿಲಿಮೀಟರಿನ ಎರಡು ಫೋಮ್ ಮ್ಯಾಟ್ ಹಾಕಿದೆವು. ಸೆಪ್ಟೆಂಬರಿನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದರಿಂದ ಬ್ಯಾಗ್ ಮೈನಸ್ ಐದರ ಕಂಫರ್ಟ್ ಇರುವುದು ಬೇಕು. ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ಜೀವ ಉಳಿಯುವ ಕೊನೆಯ ಮಿತಿ, ನಿದ್ದೆ ಬರುವ ಮಿತಿಯಲ್ಲ.

ಅಡುಗೆಗೆ ಬರೋಣ. ನಮ್ಮವರು ಸೋಲುವುದು ಇಲ್ಲೇ. ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಚಂಡೀಗಢದಲ್ಲೇ ಕೊಳ್ಳಬೇಕು. ಬರೀ ಬ್ಯುಟೇನ್ ತುಂಬಿದ ಕ್ಯಾನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಕೆಲಸ ನಿಲ್ಲಿಸುತ್ತದೆ. ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಕುಲುಕುತ್ತದೆ, ಉರಿ ಮಾತ್ರ ಬರುವುದಿಲ್ಲ. ಪ್ರೊಪೇನ್ ಬೆರೆಸಿದ್ದನ್ನು ಕೇಳಿ ತನ್ನಿ. ರಾತ್ರಿ ಕ್ಯಾನನ್ನು ಸಾಕ್ಸಿನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಳ್ಳಿ. ನಾಲ್ವರಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಯಾಸ್ ಬೇಕಾಯಿತು. 230 ಗ್ರಾಮಿನ ಮೂರು ಕ್ಯಾನ್ ಒಯ್ದಿದ್ದೆವು. ಒಂದು ರಾತ್ರಿಗೆ ಇದು ಜಾಸ್ತಿಯೇ. ಆದರೆ 2023ರ ಜುಲೈಯಲ್ಲಿ ಹಿಮ ಬಿದ್ದು ಸುಮಾರು 300 ಪ್ರವಾಸಿಗರು ಇದೇ ಚಂದ್ರತಾಲ್‌ನಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಎರಡು ದಿನದ ಹೆಚ್ಚುವರಿ ಊಟ, ಗ್ಯಾಸ್ ಇರಲೇಬೇಕು.

ಆ ಎತ್ತರದಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಹೊರಗೆ ಮುದ್ದೆ, ಒಳಗೆ ಹಸಿ. ಎರಡು ಲೀಟರಿನ ಕುಕ್ಕರ್ ಭಾರವಾದರೂ ಬಿಡಬೇಡಿ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಬೆಂಗಳೂರಲ್ಲಿ ಮೂರು ಕೂಗಿಸುವ ಕಡೆ ಐದು ಕೂಗಿಸಿ, ತಾನಾಗಿ ಇಳಿಯಲು ಬಿಡಿ. ತೊಗರಿಬೇಳೆಯ ಸಹವಾಸ ಬೇಡ, ಹೆಸರುಬೇಳೆ ಸಾಕು. ನಮ್ಮ ಊಟವೆಲ್ಲ ಹೆಸರುಬೇಳೆ ಹುಗ್ಗಿ, ಮನೆಯಲ್ಲೇ ಒಗ್ಗರಣೆ ಸಮೇತ ಹುರಿದೊಯ್ದ ರವೆಯ ಉಪ್ಪಿಟ್ಟು, ಬಿಸಿನೀರು ಹಾಕಿದ ತೆಳು ಅವಲಕ್ಕಿ. ಉಪ್ಪಿನಕಾಯಿ ಬಾಟಲಿಯನ್ನು ಕುತ್ತಿಗೆಮಟ್ಟ ತುಂಬಿದ್ದು ತಪ್ಪಾಯಿತು. ಗಾಳಿಯ ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗಿ, ಎಣ್ಣೆ ಮುಚ್ಚಳದ ಸಂದಿಯಿಂದ ಮೇಲೆದ್ದು, ಕಾಜಾ ಸೇರುವಷ್ಟರಲ್ಲಿ ಚೀಲದ ಅರ್ಧ ಬಟ್ಟೆ ಮಾವಿನಕಾಯಿ ವಾಸನೆ. ಎರಡು ಬೆರಳು ಜಾಗ ಬಿಟ್ಟು ತುಂಬಿ, ತಂಗುವ ಪ್ರತಿ ಊರಲ್ಲೂ ಒಮ್ಮೆ ಮುಚ್ಚಳ ತೆರೆದು ಮುಚ್ಚಿ.

ನೀರಿನ ಬಾಟಲಿಗಳನ್ನು ರಾತ್ರಿ ತಲೆಕೆಳಗಾಗಿ ಇಡಿ. ಮಂಜು ಮೇಲಿನಿಂದ ಕಟ್ಟುವುದರಿಂದ ಬಾಯಿ ಕಟ್ಟುವುದಿಲ್ಲ. ನೀರಿನ ಫಿಲ್ಟರ್ ಒಯ್ದರೆ ಅದೂ ಬ್ಯಾಗಿನೊಳಗೇ ಮಲಗಲಿ. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ಕಾಲ ಸೆಪ್ಟೆಂಬರ್ ನಡುವಿನಿಂದ ಕೊನೆಯವರೆಗೆ ಒಳ್ಳೆಯದು. ದಸರಾ ರಜೆ ಅಕ್ಟೋಬರ್ ನಡುವೆ ಬೀಳುವ ವರ್ಷ ಬಿಡಾರಗಳು ಕಿತ್ತಿರುತ್ತವೆ, ಆಗ ಈ ಯೋಜನೆ ಬೇಡ. ಕಾಜಾದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಆಮೇಲೆ ಪೆಟ್ರೋಲ್ ಸಿಗುವುದು ಮನಾಲಿ ಕಡೆಗೇ. ಲೋಸರ್ ದಾಟಿದ ಮೇಲೆ ಫೋನ್ ಇಲ್ಲ ಎಂದು ಊರಿಗೆ ಮೊದಲೇ ಹೇಳಿಡಿ. ಬಾತಲ್ ಬಳಿಯಿಂದ ಸರೋವರಕ್ಕೆ ತಿರುಗುವ ದಾರಿ ಒಂದೇ ಗಾಡಿಯ ಅಗಲ. ಎದುರು ಬಂದರೆ ಯಾರಾದರೊಬ್ಬರು ಪ್ರಪಾತದ ಅಂಚಲ್ಲಿ ಹಿಂದಕ್ಕೆ ಹೋಗಬೇಕು.

ವಾಪಸು ಹೊರಡುವ ದಿನ ಟೆಂಟ್ ಒಣಗಲು ಕಾಯಬೇಡಿ, ಹಸಿಯದನ್ನೇ ಸುತ್ತಿಡಿ. ಬಿಸಿಲೇರಿದಂತೆ ಹಿಮ ಕರಗಿ, ಛತ್ರುವರೆಗಿನ ಹಳ್ಳಗಳು ಮಧ್ಯಾಹ್ನದ ಮೇಲೆ ಉಬ್ಬುತ್ತವೆ. ಏಳಕ್ಕೆ ಹೊರಟವರಿಗೆ ಟೈರಿನ ಅರ್ಧಕ್ಕಿರುವ ನೀರು ಎರಡು ಗಂಟೆಗೆ ಬಾನೆಟ್ಟಿಗೆ ಬಂದಿರುತ್ತದೆ.