ಮಳೆಗಾಲದಲ್ಲಿ ನಿಂತ ಕಾರಿಗೆ ಇಲಿ ಬಾರದಂತೆ ನಾನು ಮಾಡಿದ್ದು

ಅಪ್ಪನ ಕಾರು ಪ್ರೀಮಿಯರ್ ಪದ್ಮಿನಿ. 1986ರದ್ದು, ಇಲ್ಲೇ ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು. ಮನೆಯಲ್ಲಿ ನಾವೆಲ್ಲ ಅದಕ್ಕೆ ಫಿಯಟ್ ಅಂತಲೇ ಹೇಳುವುದು. ಮಾಟುಂಗಾದ ನಮ್ಮ ಹಳೇ ಕಟ್ಟಡದ ಹಿಂದೆ ಸಾಲಾಗಿ ಗ್ಯಾರೇಜುಗಳಿವೆ. ಅದರಲ್ಲೊಂದು ನಮ್ಮದು. ಅಪ್ಪ ಹೋದ ಮೇಲೆ ಕಾರು ಓಡಿಸುವುದು ಕಡಿಮೆಯಾಯಿತು. ಜೂನ್‌ನಲ್ಲಿ ಮಳೆ ಹಿಡಿದಾಗ ಶಟರ್ ಎಳೆದರೆ ಮತ್ತೆ ತೆಗೆಯುತ್ತಿದ್ದದ್ದು ಚೌತಿಗೆ.

2019ರ ಚೌತಿಗೆ ಎರಡು ದಿನ ಮೊದಲು ಗಣಪತಿ ತರಲು ಕಾರು ತೆಗೆಯೋಣ ಎಂದು ಹೋದೆ. ಸ್ಟಾರ್ಟರ್ ತಿರುಗಿತು, ಎಂಜಿನ್ ಹತ್ತಲಿಲ್ಲ. ಬಾನೆಟ್ ಎತ್ತಿ ಏರ್ ಕ್ಲೀನರ್ ಮುಚ್ಚಳ ಬಿಚ್ಚಿದೆ. ಒಳಗೆ ತೆಂಗಿನ ನಾರು, ಪ್ಲಾಸ್ಟಿಕ್ ಚೂರು, ಕಡಲೆಕಾಯಿ ಸಿಪ್ಪೆ. ನಾರು ಎಲ್ಲಿಂದ ಬಂತು ಎಂದು ನೋಡಿದರೆ ಹಿಂದಿನ ಸೀಟಿನಿಂದ. ಅಪ್ಪ ಒರೆಸಿ ಒರೆಸಿ ಇಟ್ಟುಕೊಂಡಿದ್ದ ಸೀಟು ಅದು. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಹೋಗುವ ವೈರಿನ ಪ್ಲಾಸ್ಟಿಕ್ ಕಿತ್ತು ತಾಮ್ರ ಕಾಣುತ್ತಿತ್ತು. ಪೆಟ್ರೋಲ್ ಬರುವ ಕಾರ್ಬ್ಯುರೇಟರ್ ಪಕ್ಕದಲ್ಲೇ ಬರಿಯ ತಾಮ್ರದ ತಂತಿ, ಅಲ್ಲೇ ಒಣಗಿದ ನಾರಿನ ಗೂಡು. ಎಂಜಿನ್ ಹತ್ತದಿದ್ದದ್ದೇ ಒಳ್ಳೆಯದಾಯಿತು. ಒಂದು ಕಿಡಿ ಹಾರಿದ್ದರೆ ಕಾರೂ ಇರುತ್ತಿರಲಿಲ್ಲ, ಗ್ಯಾರೇಜೂ ಇರುತ್ತಿರಲಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು. ಸಿಟ್ಟಿನಲ್ಲಿ ಇಲಿಪಾಷಾಣದ ಬಿಲ್ಲೆ ತಂದು ಮೂಲೆ ಮೂಲೆಗೆ ಇಟ್ಟೆ. ಆ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಸಾಯುವ ಹೊತ್ತಿಗೆ ಎಲ್ಲೋ ಸಂದಿಗೆ ಹೋಗಿ ಸೇರುತ್ತದೆ. ನಮ್ಮಲ್ಲಿ ಒಂದು ಡ್ಯಾಶ್‌ಬೋರ್ಡಿನ ಹಿಂದೆ ಸತ್ತಿತು. ಆ ವಾಸನೆ ಹೋಗಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಯಿತು. ಜೊತೆಗೆ ಕಟ್ಟಡದ ಬೆಕ್ಕುಗಳು ಆ ಇಲಿಯನ್ನು ತಿಂದರೆ ಅವುಗಳಿಗೂ ವಿಷ. ಅಮ್ಮ ಒಂದೇ ಮಾತು ಹೇಳಿದರು: "ಮಗಾ, ಅದು ಬರುವ ದಾರಿ ಎಲ್ಲಿ ಅಂತ ಮೊದಲು ನೋಡು."

ದಾರಿ ನೋಡಲು ಅಮ್ಮನ ರಂಗೋಲಿ ಪುಡಿಯನ್ನೇ ತಂದೆ. ಹಿಟ್ಟು ಹಾಕಿದರೆ ಇಲಿ ಅದನ್ನೇ ತಿನ್ನುತ್ತದೆ, ರಂಗೋಲಿ ಪುಡಿ ತಿನ್ನುವುದಿಲ್ಲ. ರಾತ್ರಿ ಗೋಡೆ ಉದ್ದಕ್ಕೂ, ಶಟರಿನ ಒಳಗೆ, ಮೋರಿಯ ಸುತ್ತ, ನಾಲ್ಕೂ ಟೈರಿನ ಬುಡಕ್ಕೆ ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಎಲ್ಲ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಪುಟ್ಟ ಹೆಜ್ಜೆಗಳು ಶಟರಿನ ಎಡಮೂಲೆಯಿಂದ ಬಂದು, ಗೋಡೆ ಬಿಡದೆ ಸಾಗಿ, ಹಿಂದಿನ ಟೈರಿನ ಬಳಿ ಮುಗಿದಿದ್ದವು. ಮೋರಿಯ ಕಡೆ ದೊಡ್ಡ ಹೆಜ್ಜೆ. ಒಂದೇ ಗ್ಯಾರೇಜಿಗೆ ಎರಡು ಜಾತಿಯವು ಬರುತ್ತಿದ್ದವು.

ಯಾವ ಇಲಿ ಎಂದು ತಿಳಿಯುವುದು ಮುಖ್ಯ. ಅಕ್ಕಿಕಾಳಿನಷ್ಟು ಹಿಕ್ಕೆ ಇದ್ದರೆ ಚಿಕ್ಕ ಮನೆ ಇಲಿ. ಒಂದೂವರೆ ಸೆಂಟಿಮೀಟರ್ ಹತ್ತಿರ ಇದ್ದರೆ ದೊಡ್ಡ ಇಲಿ. ನೆಲ ಕೊರೆದು ಮಣ್ಣಿನ ಗುಡ್ಡೆ ಹಾಕುವುದು ಹೆಗ್ಗಣ. ಇಲ್ಲಿನವರು ಅದಕ್ಕೆ ಘೂಸ್ ಎನ್ನುತ್ತಾರೆ. ಉದ್ದ ಮೂತಿಯ, ಕೀಚ್ ಕೀಚ್ ಎನ್ನುವ ಸೊಂಡಿಲಿಯೂ ಓಡಾಡುತ್ತದೆ. ಅದು ಜಿರಳೆ, ಹುಳ ತಿನ್ನುವ ಪ್ರಾಣಿ. ಅದರ ಪಾಡಿಗೆ ಅದನ್ನು ಬಿಡಿ.

ಮಳೆಗಾಲದಲ್ಲೇ ಇಷ್ಟು ಕಾಟ ಯಾಕೆ ಎಂದರೆ, ನಮ್ಮ ಪಕ್ಕದ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ನೀರು ನಿಲ್ಲುವುದು ಮುಂಬೈಯವರಿಗೆಲ್ಲ ಗೊತ್ತು. ಗಟಾರ ತುಂಬಿದರೆ, ಬಿಲಕ್ಕೆ ನೀರು ನುಗ್ಗಿದರೆ ಅವು ಮೇಲೆ ಬರಲೇಬೇಕು. ಒಣಗಿದ, ಕತ್ತಲೆಯ, ಯಾರೂ ಮುಟ್ಟದ ಜಾಗ ಬೇಕು. ಮೂರು ತಿಂಗಳು ಶಟರ್ ಎಳೆದಿಟ್ಟ ಕಾರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಚಿಕ್ಕ ಇಲಿಯ ಬಸಿರು ಮೂರೇ ವಾರ. ಜೂನ್‌ನಲ್ಲಿ ಒಂದು ಜೋಡಿ ಬಂದರೆ ಸೆಪ್ಟೆಂಬರಿಗೆ ಒಂದು ಊರೇ ಆಗುತ್ತದೆ.

ಮುಚ್ಚುವ ಕೆಲಸಕ್ಕೆ ಒಂದು ಪೆನ್ಸಿಲ್ ಸಾಕು. ಪೆನ್ಸಿಲ್ ತೂರುವ ಸಂದಿಯಲ್ಲಿ, ಅಂದರೆ ಸುಮಾರು 6 ಮಿಲಿಮೀಟರ್ ಇದ್ದರೂ, ಚಿಕ್ಕ ಇಲಿ ತೂರುತ್ತದೆ. ತಲೆ ಹೋದರೆ ಮೈಯೂ ಹೋಯಿತು. ಹೆಬ್ಬೆರಳು ಹೋಗುವ ಸಂದಿ ದೊಡ್ಡ ಇಲಿಗೂ ಸಾಕು. ಪೆನ್ಸಿಲ್ ಹಿಡಿದು ಗ್ಯಾರೇಜ್ ಪೂರ್ತಿ ಸುತ್ತಿದೆ. ಶಟರಿನ ಕೆಳಗೆ, ಶಟರ್ ಓಡುವ ಕಬ್ಬಿಣದ ಪಟ್ಟಿಯ ಎರಡೂ ಪಕ್ಕ, ಮೇಲೆ ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆ, ವೈರ್ ಬರುವ ತೂತು, ಮೋರಿ, ಗಾಳಿಕಿಂಡಿ. ಹೆಚ್ಚಿನವರು ಕೆಳಗಿನದನ್ನು ಮಾತ್ರ ನೋಡುತ್ತಾರೆ. ಇಲಿ ನೀರಿನ ಪೈಪ್ ಹಿಡಿದು ಸಲೀಸಾಗಿ ಮೇಲೆ ಹತ್ತುತ್ತದೆ.

ಶಟರಿನ ಕೆಳಗೆ ಮೊದಲು ಬರೀ ರಬ್ಬರ್ ಪಟ್ಟಿ ಹಾಕಿಸಿದೆ. ಹದಿನೈದು ದಿನಕ್ಕೆ ಮೂಲೆಯಲ್ಲಿ ಕಚ್ಚಿ ಅರ್ಧಚಂದ್ರ ಮಾಡಿಟ್ಟವು. ಆಮೇಲೆ ರಬ್ಬರಿನ ಹೊರಗೆ ತಗಡಿನ ಪಟ್ಟಿ ಹೊಡೆಸಿ, ನೆಲ ತಗ್ಗಾಗಿದ್ದ ಕಡೆ ಮಿಸ್ತ್ರಿಯಿಂದ ಸಿಮೆಂಟಿನ ಹೊಸ್ತಿಲು ಕಟ್ಟಿಸಿದೆ. ಗೋಡೆಯ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಗಟ್ಟಿಯಾಗಿ ತುರುಕಿ ಮೇಲೆ ಸಿಮೆಂಟ್ ಮೆತ್ತಿದೆ. ಬರೀ ಸಿಮೆಂಟ್ ಹಸಿ ಇರುವಾಗಲೇ ಕೆದರಿ ತೆಗೆಯುತ್ತವೆ. ಹೆಗ್ಗಣದ ಬಿಲಕ್ಕೆ ಮಿಸ್ತ್ರಿ ಸಿಮೆಂಟಿನ ಜೊತೆ ಗಾಜಿನ ಚೂರು ಕಲಸಿ ತುಂಬಿದರು. ಗಾಳಿಕಿಂಡಿಗೂ ಮೋರಿಗೂ ಕಾಲಿಂಚಿನ ಕಣ್ಣಿನ ಕಬ್ಬಿಣದ ಜಾಲರಿ. ಸೊಳ್ಳೆ ಪರದೆಯ ನೈಲಾನ್ ಜಾಲರಿ ಇಲ್ಲಿ ಕೆಲಸಕ್ಕೆ ಬಾರದು.

ಕೊನೆಯ ಒಂದು ತೂತು ಬಿಟ್ಟು ಉಳಿದೆಲ್ಲ ಮುಚ್ಚಿ, ಒಳಗಿದ್ದವನ್ನು ಬೋನಿಗೆ ಹಿಡಿದೆ. ಒಳಗೆ ಇಲಿ ಇರುವಾಗಲೇ ಪೂರ್ತಿ ಮುಚ್ಚಿದರೆ ಅವು ಹೊಟ್ಟೆಗಿಲ್ಲದೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ. ಸುಟ್ಟ ಕೊಬ್ಬರಿ ಚೂರು, ಒಣ ಬೊಂಬಿಲ್ ಮೀನು ಎರಡೂ ಒಳ್ಳೆಯ ಆಮಿಷ. ದೊಡ್ಡ ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಅದಕ್ಕೇ ಮೂರು ರಾತ್ರಿ ಸ್ಪ್ರಿಂಗ್ ಎಳೆಯದೆ ಸುಮ್ನೆ ಆಮಿಷ ಇಟ್ಟೆ. ನಾಲ್ಕನೇ ರಾತ್ರಿ ಸ್ಪ್ರಿಂಗ್ ಎಳೆದೆ. ಬೋನನ್ನು ಗೋಡೆಗೆ ತಾಗಿಸಿ, ಅದರ ಬಾಯಿ ಇಲಿ ಬರುವ ದಾರಿಗೆ ಎದುರಾಗಿರುವಂತೆ ಇಡಬೇಕು, ಯಾಕೆಂದರೆ ಅವು ಗೋಡೆ ಸವರಿಕೊಂಡೇ ಓಡುತ್ತವೆ. ಅಂಟಿನ ಹಲಗೆ ನಾನು ಬಳಸುವುದಿಲ್ಲ. ಜೀವ ಹೋಗುವ ತನಕ ಒದ್ದಾಡುವುದನ್ನು ಒಮ್ಮೆ ನೋಡಿದ್ದೇನೆ, ಮತ್ತೆ ನೋಡಲಾರೆ.

ಹಿಕ್ಕೆ, ಗೂಡು ತೆಗೆಯುವಾಗ ಪೊರಕೆ ಹಿಡಿಯಬೇಡಿ. ಧೂಳೆದ್ದು ಮೂಗಿಗೆ ಹೋಗುತ್ತದೆ. 2005ರ ಜುಲೈ 26ರ ಮಹಾಮಳೆ ಆದ ಮೇಲೆ ಈ ಊರಲ್ಲಿ ಲೆಪ್ಟೋ ಜ್ವರ ಹಬ್ಬಿದ್ದು ನೆನಪಿದೆಯಲ್ವಾ? ಅದು ಇಲಿಯ ಮೂತ್ರದಿಂದ, ಕೈಕಾಲಿನ ಗಾಯದ ಮೂಲಕ ಬರುವ ಕಾಯಿಲೆ. ರಬ್ಬರ್ ಗ್ಲೌಸ್, ಮಾಸ್ಕ್ ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕಾಗದದಲ್ಲಿ ಒರೆಸಿ ತೆಗೆದೆ. ಶಟರ್ ಪೂರ್ತಿ ತೆರೆದಿಟ್ಟುಕೊಂಡೇ ಈ ಕೆಲಸ ಮಾಡಿ.

ಇನ್ನು ಕಾರಿನ ವಿಷಯ. ಬಟ್ಟೆಯ ಹೊದಿಕೆ ನೆಲ ಮುಟ್ಟುವಂತಿದ್ದರೆ ಅದರೊಳಗೆ ಇಲಿಗೆ ಮರೆ ಸಿಗುತ್ತದೆ. ಈಗ ಅಂಚನ್ನು ಮೇಲೆತ್ತಿ ಕಟ್ಟುತ್ತೇನೆ. ಸುತ್ತ ಎರಡು ಅಡಿ ಖಾಲಿ ಬಿಟ್ಟಿದ್ದೇನೆ, ರಟ್ಟಿನ ಡಬ್ಬಗಳೆಲ್ಲ ಕಬ್ಬಿಣದ ರ‍್ಯಾಕಿಗೆ ಹೋದವು. ಸೈಲೆನ್ಸರ್ ಕೊಳವೆಗೂ ಏರ್ ಕ್ಲೀನರಿನ ಮೂತಿಗೂ ಸ್ಟೀಲ್ ನಾರು ತುರುಕುತ್ತೇನೆ. ಅದನ್ನು ತೆಗೆಯದೆ ಸ್ಟಾರ್ಟ್ ಮಾಡಬಾರದು. ನೆನಪಿಗೆ ಸ್ಟೀರಿಂಗಿಗೆ ಕೆಂಪು ರಿಬ್ಬನ್ ಕಟ್ಟುತ್ತೇನೆ. ಬ್ಯಾಟರಿಯ ವೈರ್ ಕಳಚಿಡುತ್ತೇನೆ. ಹೊಸ ಕಾರಿನವರು ಗ್ಲೋವ್‌ಬಾಕ್ಸ್ ಹಿಂದಿನ ಏಸಿ ಫಿಲ್ಟರನ್ನೂ ಆಗಾಗ ಎಳೆದು ನೋಡಿ. ಇಲಿಗೆ ಅದು ಬಹಳ ಇಷ್ಟದ ಜಾಗ.

ಪುದೀನ ಎಣ್ಣೆ, ಹೊಗೆಸೊಪ್ಪು, ಕಿವಿಗೆ ಕೇಳದ ಸದ್ದು ಮಾಡುವ ಯಂತ್ರ, ಮೂರನ್ನೂ ನೋಡಿದ್ದಾಯಿತು. ಎಣ್ಣೆಯ ವಾಸನೆ ಕೆಲವೇ ದಿನಕ್ಕೆ ಆರುತ್ತದೆ. ಹೊಗೆಸೊಪ್ಪಿನಿಂದ ಏನೂ ಆಗಲಿಲ್ಲ. ಆ ಸದ್ದು ಅಡ್ಡ ಬಂದ ವಸ್ತುವನ್ನು ದಾಟುವುದಿಲ್ಲ, ಇಲಿಗೂ ಅಭ್ಯಾಸವಾಗಿಬಿಡುತ್ತದೆ. ನುಸಿಗುಳಿಗೆಯನ್ನಂತೂ ಮುಚ್ಚಿದ ಕಾರಿನೊಳಗೆ ಇಡಲೇಬೇಡಿ, ಅದರ ಗಾಳಿ ನಮಗೇ ಕೆಟ್ಟದ್ದು.

ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಭಾನುವಾರದ ಭೇಟಿ. ಮಳೆ ಬಿಟ್ಟ ಭಾನುವಾರ ಸ್ಟೀಲ್ ನಾರು ತೆಗೆದು, ಬ್ಯಾಟರಿ ಜೋಡಿಸಿ, ಫೈವ್ ಗಾರ್ಡನ್ಸ್ ಸುತ್ತಿ ಅರ್ಧ ಗಂಟೆ ಓಡಿಸಿ ಬರುತ್ತೇನೆ. ಮಳೆ ಇದ್ದರೆ ಬಾನೆಟ್, ಡಿಕ್ಕಿ ತೆರೆದು, ಸೀಟು ಎತ್ತಿ ಬಡಿದು, ಟಾರ್ಚ್ ಹಾಕಿ ನೋಡುವುದು. ಗೂಡು ಕಟ್ಟಲು ಅವಕ್ಕೆ ನೆಮ್ಮದಿ ಬೇಕು, ಅದನ್ನು ನಾನು ಕೊಡುವುದಿಲ್ಲ. ಬರುವಾಗ ಶಟರಿನ ಒಳಗೆ ಒಂದು ಹಿಡಿ ರಂಗೋಲಿ ಪುಡಿ ಉದುರಿಸಿ ಬೀಗ ಹಾಕುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದೇ ಒಂದು ವಾರ ಹೆಜ್ಜೆ ಕಂಡಿತು. ರಬ್ಬರ್ ಸಡಿಲವಾಗಿತ್ತು. ಅಂದೇ ಸಂಜೆ ಬದಲಿಸಿದೆ.