ಲೈಟ್ ಹೋದರೂ ಬಿಟ್ಟಲ್ಲಿಂದಲೇ ಶುರು

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಒಮ್ಮೆಲೇ ನಿಂತಿತು ಅಂದರೆ ಲೈಟ್ ಹೋಯಿತು ಅಂತಲೇ ಅರ್ಥ. ನನ್ನ ಯುಪಿಎಸ್ ಬ್ಯಾಟರಿಗೂ ವಯಸ್ಸಾಗಿದೆ. ಎರಡು ಸಲ ಕುಂಯ್ ಅಂದು ಅದೂ ಮಲಗುತ್ತದೆ.

ನಾನು ಮನೆಯಲ್ಲೇ ಕುಳಿತು ಅಂಗಡಿಗಳಿಗೆ ಬಿಲ್ ಪ್ರೋಗ್ರಾಂ ಬರೆದುಕೊಡುವವನು. ಸೀರೆ ಅಂಗಡಿಯದೊಂದು, ಕಾಳಿನ ವ್ಯಾಪಾರಿಯದೊಂದು, ಪ್ರಿಂಟಿಂಗ್ ಪ್ರೆಸ್ಸಿನದೊಂದು. ಬರೆಯುವುದೆಲ್ಲ ಇಮ್ಯಾಕ್ಸ್ ಅನ್ನೋ ಎಡಿಟರ್‌ನಲ್ಲಿ. ಮೊದಲೆಲ್ಲ ದಿನಾ ಬೆಳಗ್ಗೆ ಹತ್ತು ನಿಮಿಷ ಫೈಲ್ ಹುಡುಕುವುದರಲ್ಲೇ ಹೋಗುತ್ತಿತ್ತು. ನಿನ್ನೆ ಎಡಗಡೆ ಜಿಎಸ್‌ಟಿ ಲೆಕ್ಕ, ಬಲಗಡೆ ಪ್ರಿಂಟ್ ಭಾಗ ಇಟ್ಟುಕೊಂಡಿದ್ದೆ, ಸರಿ, ಆದರೆ ಯಾವ ಸಾಲಿನಲ್ಲಿದ್ದೆ?

ಇದಕ್ಕೆ ಇನಿಟ್ ಫೈಲ್‌ನಲ್ಲಿ, ಅಂದರೆ ಇಮ್ಯಾಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್‌ನಲ್ಲಿ, ಒಂದೇ ಸಾಲು ಸಾಕಾಯಿತು. ಡೆಸ್ಕ್‌ಟಾಪ್-ಸೇವ್-ಮೋಡ್ ಆನ್ ಮಾಡಿದೆ, ಅಷ್ಟೇ. ಯಾವ ಫೈಲ್ ತೆರೆದಿತ್ತು, ಕರ್ಸರ್ ಎಲ್ಲಿತ್ತು, ಪರದೆಯನ್ನು ಹೇಗೆ ಭಾಗ ಮಾಡಿದ್ದೆ, ಎಲ್ಲವನ್ನೂ ಅದು ಪಟ್ಟಿ ಮಾಡಿ ಡೆಸ್ಕ್‌ಟಾಪ್ ಫೈಲ್ ಅನ್ನೋ ಒಂದು ಫೈಲ್‌ನಲ್ಲಿ ಬರೆದಿಡುತ್ತದೆ. ಮರುದಿನ ಇಮ್ಯಾಕ್ಸ್ ತೆರೆದ ಕೂಡಲೇ ತಾನೇ ಓದಿಕೊಂಡು ಎಲ್ಲ ಹರವಿಡುತ್ತದೆ.

ಒಂದು ವಾರ ಆರಾಮಾಗಿದ್ದೆ. ಆಮೇಲೆ ಒಂದು ಸಂಜೆ, ಸೀರೆ ಅಂಗಡಿಯ ರಿಯಾಯಿತಿ ಲೆಕ್ಕ ಬರೆಯುತ್ತಿದ್ದಾಗ ಮಗ್ಗ ನಿಂತವು. ಕುಂಯ್, ಕುಂಯ್, ಕತ್ತಲೆ.

ಲೈಟ್ ಬಂದ ಮೇಲೆ ಇಮ್ಯಾಕ್ಸ್ ತೆರೆದೆ. ಡೆಸ್ಕ್‌ಟಾಪ್ ಫೈಲ್ ಇನ್ನೊಬ್ಬರ ಕೈಯಲ್ಲಿದೆ, ಆದರೂ ಬಳಸಲೇ ಅಂತ ಕೇಳಿತು. ಇನ್ನೊಬ್ಬರು ಯಾರಪ್ಪಾ? ಗಾಬರಿಯಲ್ಲಿ ಎನ್ ಒತ್ತಿದೆ. ಖಾಲಿ ಪರದೆ. ಪಕ್ಕದಲ್ಲಿದ್ದ ಅಕ್ಕನ ಮಗ ‘ಮಾಮಾ, ಎಲ್ಲಾ ಹೋತೇನ್ರೀ?’ ಅಂದ. ನನಗೂ ಹಾಗೇ ಅನಿಸಿತ್ತು.

ಏನೂ ಹೋಗಿರಲಿಲ್ಲ. ಇಮ್ಯಾಕ್ಸ್ ಆ ಪಟ್ಟಿಯನ್ನು ಬಳಸುವಾಗ ಪಕ್ಕದಲ್ಲಿ ಒಂದು ಲಾಕ್ ಫೈಲ್ ಇಟ್ಟಿರುತ್ತದೆ, ಸರಿಯಾಗಿ ಮುಚ್ಚಿದಾಗ ಅಳಿಸುತ್ತದೆ. ಕರೆಂಟ್ ಹೋದಾಗ ಅಳಿಸುವವರು ಯಾರು? ಆ ‘ಇನ್ನೊಬ್ಬ’ ಸತ್ತುಹೋದ ನನ್ನದೇ ಇಮ್ಯಾಕ್ಸ್. ಡೆಸ್ಕ್‌ಟಾಪ್-ರೀಡ್ ಅಂತ ಕಮಾಂಡ್ ಕೊಟ್ಟು ಈ ಸಲ ವೈ ಒತ್ತಿದೆ. ಎಲ್ಲ ಬಂದವು. ಮುಚ್ಚದೇ ಸತ್ತರೂ ಪಟ್ಟಿ ಉಳಿದಿದ್ದು ಹೇಗೆ ಅಂದರೆ, ಸುಮಾರು 30 ಸೆಕೆಂಡ್ ಕೈ ಸುಮ್ನೆ ಇದ್ದರೂ ಅದು ಪಟ್ಟಿಯನ್ನು ಉಳಿಸುತ್ತದೆ.

ಲಾಕ್ ಇದ್ದಾಗ ಏನು ಮಾಡಬೇಕು ಅನ್ನೋದಕ್ಕೂ ಒಂದು ಸೆಟ್ಟಿಂಗ್ ಇದೆ, ಡೆಸ್ಕ್‌ಟಾಪ್-ಲೋಡ್-ಲಾಕ್ಡ್-ಡೆಸ್ಕ್‌ಟಾಪ್. ಕೇಳದೇ ತೆರೆ ಅಂತಲೂ ಹೇಳಬಹುದು, ಆದರೆ ಎರಡು ಇಮ್ಯಾಕ್ಸ್ ತೆರೆಯುವ ಚಟ ಇದ್ದರೆ ಎರಡೂ ಒಂದೇ ಪಟ್ಟಿಗೆ ಕಿತ್ತಾಡುತ್ತವೆ. ನಾನು ಚೆಕ್-ಪಿಐಡಿ ಇಟ್ಟಿದ್ದೇನೆ. ಲಾಕ್ ಹಾಕಿದ ಇಮ್ಯಾಕ್ಸ್ ಇನ್ನೂ ಓಡುತ್ತಿದೆಯಾ ನೋಡಿ, ಇಲ್ಲದಿದ್ದರೆ ಸದ್ದಿಲ್ಲದೆ ತೆರೆಯುತ್ತದೆ. ಹಳೇ ಆವೃತ್ತಿಗಳಲ್ಲಿ ಇದು ಸಿಗುವುದಿಲ್ಲ.

ಆದರೆ ಆ ಸಂಜೆ ಇನ್ನೊಂದು ಪೆಟ್ಟೂ ಬಿತ್ತು. ಫೈಲ್ ಬಂತು, ರಿಯಾಯಿತಿಯ ಸಾಲುಗಳೇ ಇಲ್ಲ! ಈ ಮೋಡ್ ಉಳಿಸುವುದು ಜಾಗವನ್ನು, ಬರೆದದ್ದನ್ನಲ್ಲ. ಬರೆದದ್ದಕ್ಕೆ ಬೇರೆ ಆಟೋ-ಸೇವ್ ಇದೆ. 300 ಕೀ ಒತ್ತಿದಾಗ ಅಥವಾ ಸುಮಾರು 30 ಸೆಕೆಂಡ್ ಸುಮ್ಮನಿದ್ದಾಗ ಪ್ರತಿ ತೆಗೆದಿಡುತ್ತದೆ. ರಿಕವರ್-ಸೆಷನ್ ಕೊಟ್ಟಾಗ ಕೊನೆಯ ಎರಡು ಸಾಲು ಬಿಟ್ಟು ಉಳಿದದ್ದು ಸಿಕ್ಕಿತು. ಎರಡು ಸಾಲಿಗೆ ಅಳುವುದೇನು, ಮತ್ತೆ ಬರೆದೆ.

ಫೈಲ್ ಜಾಸ್ತಿಯಾದಂತೆ ಶುರುವಾಗುವುದು ನಿಧಾನವಾಯಿತು. ಡೆಸ್ಕ್‌ಟಾಪ್-ರೆಸ್ಟೋರ್-ಈಗರ್‌ಗೆ 5 ಕೊಟ್ಟೆ. ಮೊದಲು ಐದು ತೆರೆದುಕೊಳ್ಳುತ್ತವೆ, ಉಳಿದವು ನಾನು ಚಹಾ ಕುಡಿಯುವಷ್ಟರಲ್ಲಿ ಒಂದೊಂದಾಗಿ ಬರುತ್ತವೆ. ಗಿರಾಕಿಯ ಪೆನ್‌ಡ್ರೈವ್‌ನಿಂದ ತೆರೆದ ಫೈಲ್ ಮಾತ್ರ ಪೆನ್‌ಡ್ರೈವ್ ಕಿತ್ತ ಮೇಲೆ ಬರುವುದಿಲ್ಲ, ಆ ಫೈಲ್ ಈಗ ಇಲ್ಲ ಅಂತ ಕೆಳಗೊಂದು ಸಂದೇಶ ಮಿಂಚಿ ಹೋಗುತ್ತದೆ ಅಷ್ಟೇ. ಅದಕ್ಕೇ ಈಗ ಮೊದಲು ಕಾಪಿ, ಆಮೇಲೆ ಕೆಲಸ.

ಅಕ್ಕನ ಮಗನಿಗೆ ಬೇರೆಯದೇ ತಕರಾರು. ‘ಒಂದು ಚೀಟಿ ತೆಗಿ ಅಂದ್ರ ಇಡೀ ಅಂಗಡೀನ ತೆಗೀತೈತಲ್ರೀ ಮಾಮಾ ಇದು’ ಅಂದ. ನೋ-ಡೆಸ್ಕ್‌ಟಾಪ್ ಅಂತ ಸೇರಿಸಿ ಶುರು ಮಾಡು, ಹಳೇ ಪಟ್ಟಿಯನ್ನು ಮುಟ್ಟುವುದಿಲ್ಲ ಅಂದೆ. ದಿನಾ ಅಷ್ಟುದ್ದ ಟೈಪ್ ಮಾಡುವವನು ಅವನಲ್ಲ. ಟರ್ಮಿನಲ್‌ನಲ್ಲಿ ಅದಕ್ಕೊಂದು ಅಲಿಯಾಸ್, ಅಂದರೆ ಗಿಡ್ಡ ಅಡ್ಡಹೆಸರು, ಮಾಡಿಕೊಂಡಿದ್ದಾನೆ. ಹೆಸರು ‘ಚೀಟಿ’.